ಫೀಲ್ಡ್ ನಲ್ ಆಗಿ ಬರುವುದೂ, ಬರದೇ ಇರುವುದೂ ಒಂದೇನಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ನಮ್ಮ ತಂಡದಲ್ಲಿ ಒಂದೇ ಜಗಳ. ಗ್ರಾಹಕರ ಪ್ರೊಫೈಲ್ ತಿದ್ದುವ ಒಂದು ಪ್ಯಾಚ್ ಎಪಿಐ (ವೆಬ್, ಆ್ಯಪ್‌ನಿಂದ ಸರ್ವರ್‌ಗೆ ಬದಲಾವಣೆ ಕಳಿಸುವ ದಾರಿ) ಇದೆ. ಹೆಸರು, ಇಮೇಲ್ ಕಡ್ಡಾಯ. ಎರಡನೇ ಫೋನ್ ನಂಬರ್, ಹುಟ್ಟಿದ ದಿನಾಂಕ, ವಿಳಾಸದ ಎರಡನೇ ಸಾಲು ಆಪ್ಷನಲ್. ಸ್ಕೀಮಾದಲ್ಲಿ (ಡೇಟಾ ಹೇಗಿರಬೇಕು ಅನ್ನುವ ನಿಯಮಪಟ್ಟಿ) ಬರೆದಿರುವುದೂ ಅಷ್ಟೇ, 'ಆಪ್ಷನಲ್' ಅಂತ.

ವೆಬ್‌ನವರು ಬದಲಾದ ಫೀಲ್ಡ್ ಮಾತ್ರ ಕಳಿಸುತ್ತಾರೆ. ಮೊಬೈಲ್ ಆ್ಯಪ್ ಇಡೀ ಪ್ರೊಫೈಲನ್ನೇ ಕಳಿಸುತ್ತದೆ, ಆ ಸ್ಕ್ರೀನ್‌ನಲ್ಲಿ ಲೋಡ್ ಆಗದೇ ಇರುವ ಫೀಲ್ಡ್‌ಗಳಿಗೆ ನಲ್ ('ಏನೂ ಇಲ್ಲ' ಅನ್ನುವ ಗುರುತು) ತುಂಬಿ. ಸರ್ವರ್ ನಲ್ ಅಂದರೆ 'ಅಳಿಸು' ಅಂತ ತಿಳಿದುಕೊಂಡಿತು. ಇಮೇಲ್ ಮಾತ್ರ ಬದಲಾಯಿಸಿದವರ ಎರಡನೇ ಫೋನ್ ನಂಬರ್ ಮಾಯ. ಬ್ಯಾಕಪ್‌ನಿಂದ ಹೇಗೋ ವಾಪಸ್ ತಂದೆವು.

ಈಗ ಎರಡನೇ ವರ್ಶನ್ ಬರೆಯುತ್ತಿದ್ದೇವೆ. 'ನಲ್ ಬಂದರೂ, ಕೀ (ಫೀಲ್ಡಿನ ಹೆಸರು) ಬರದಿದ್ದರೂ ಒಂದೇ ಅಂತ ಮಾಡಿಬಿಡೋಣ' ಅಂತ ಒಬ್ಬರು. 'ಹಾಗಾದರೆ ಅಳಿಸುವುದು ಹೇಗೆ' ಅಂತ ಇನ್ನೊಬ್ಬರು. ನೀವು ಏನು ಮಾಡಿದಿರಿ, ಎಲ್ಲಿ ಪೆಟ್ಟು ತಿಂದಿರಿ? ರೆಸ್ಪಾನ್ಸ್‌ನಲ್ಲಿ ನಲ್ ಕಳಿಸಬೇಕಾ, ಕೀಯನ್ನೇ ಬಿಡಬೇಕಾ, ಅದನ್ನೂ ಹೇಳಿ.

ಬಹಳ ವರ್ಷದಿಂದ ಬ್ಯಾಕೆಂಡ್

'ಆಪ್ಷನಲ್' ಅನ್ನುವ ಒಂದು ಪದದೊಳಗೆ ಎರಡು ಪ್ರಶ್ನೆ ಇವೆ. ಕೀ ಬರಲೇಬೇಕಾ? ಬಂದರೆ ಅದರಲ್ಲಿ ನಲ್ ಇರಬಹುದಾ? ಜೇಸನ್ (ಎಪಿಐನಲ್ಲಿ ಡೇಟಾ ಬರೆದು ಕಳಿಸುವ ರೀತಿ) ಸ್ಕೀಮಾದಲ್ಲಿ ಇವೆರಡಕ್ಕೂ ಬೇರೆ ಬೇರೆ ಜಾಗ ಇದೆ. ಮೊದಲನೆಯದಕ್ಕೆ 'ರಿಕ್ವೈರ್ಡ್' ಪಟ್ಟಿ, ಎರಡನೆಯದಕ್ಕೆ 'ಟೈಪ್'. ರಿಕ್ವೈರ್ಡ್ ಅಂತ ಹಾಕಿದರೆ ಕೀ ಇದೆಯಾ ಅಂತ ಮಾತ್ರ ನೋಡುತ್ತದೆ, ಒಳಗೆ ಏನಿದೆ ಅಂತ ಅಲ್ಲ. ಹಾಗಾಗಿ 'ಕೀ ಕಡ್ಡಾಯ, ನಲ್ ಆದರೂ ಸರಿ' ಅಂತ ಹೇಳುವುದಕ್ಕೂ ಬರುತ್ತದೆ. ಇದು ವಿಚಿತ್ರ ಅನ್ನಿಸಬಹುದು, ಆದರೆ ನನಗೆ ತುಂಬಾ ಇಷ್ಟ. ಅರ್ಜಿಯಲ್ಲಿ ಒಂದು ಕಾಲಂ ಖಾಲಿ ಬಿಡುವುದು ಬೇರೆ, ಅಲ್ಲಿ ಗೆರೆ ಎಳೆದು 'ಇಲ್ಲ' ಅಂತ ಬರೆಯುವುದು ಬೇರೆ, ಅಲ್ವಾ? ಖಾಲಿ ಬಿಟ್ಟವರು ಮರೆತಿರಬಹುದು. ಗೆರೆ ಎಳೆದವರು ಪ್ರಶ್ನೆ ಓದಿದ್ದಾರೆ.

ಈಗ ನಿಮ್ಮ ಜಗಳಕ್ಕೆ ಬರೋಣ. ನನ್ನ ಪ್ರಕಾರ ನಿಮ್ಮಲ್ಲಿ ತಪ್ಪಿದ್ದು ನಲ್ ಅಲ್ಲ. ಆ್ಯಪ್‌ನವರು ಓದುವುದಕ್ಕೆ ಬಳಸುವ ಕ್ಲಾಸನ್ನೇ (ಕೋಡ್‌ನಲ್ಲಿ ಡೇಟಾ ಇಡುವ ಅಚ್ಚು) ಬರೆಯುವುದಕ್ಕೂ ಬಳಸಿದ್ದಾರೆ. ಓದುವಾಗ ಫೋನ್ ನಂಬರ್ ನಲ್ ಆಗಿದ್ದರೂ, ಕೀ ಇಲ್ಲದಿದ್ದರೂ ತೋರಿಸುವುದು ಒಂದೇ: ನಂಬರ್ ಇಲ್ಲ. ಬರೆಯುವಾಗ ಹಾಗಲ್ಲ. 'ಇಲ್ಲ ಅಂತ ಮಾಡು' ಒಂದು ಮಾತು, 'ಅದರ ತಂಟೆಗೆ ಹೋಗಬೇಡ' ಇನ್ನೊಂದು ಮಾತು. ಎರಡಕ್ಕೂ ಒಂದೇ ಕ್ಲಾಸ್ ಇಟ್ಟರೆ ಎರಡನೇ ಮಾತು ಹೇಳುವುದಕ್ಕೆ ಅದರಲ್ಲಿ ಜಾಗವೇ ಇರುವುದಿಲ್ಲ. ಪ್ಯಾಚ್‌ಗೆ ಬೇರೆ ಕ್ಲಾಸ್, ಬೇರೆ ಸ್ಕೀಮಾ ಮಾಡಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ನಿಯಮ ನೀವೇ ಹೊಸದಾಗಿ ಹುಟ್ಟುಹಾಕಬೇಕಾಗಿಲ್ಲ. ಜೇಸನ್ ಮರ್ಜ್ ಪ್ಯಾಚ್ ಅಂತ ಇದೆ, ಆರ್‌ಎಫ್‌ಸಿ (ಇಂಟರ್ನೆಟ್ ಮಾನದಂಡದ ದಾಖಲೆ) 7396, 2014ರದ್ದು. ಅದರಲ್ಲಿ ಕೀ ಬರದಿದ್ದರೆ ಮುಟ್ಟಬೇಡ, ನಲ್ ಬಂದರೆ ತೆಗೆದುಹಾಕು. ಇದರಲ್ಲಿ ಎರಡು ತೊಡಕು ಮಾತ್ರ ನೆನಪಿರಲಿ. ನಲ್ ಅಂದರೆ ತೆಗೆ ಅಂತ ಆದ ಮೇಲೆ, ನಲ್ ಅನ್ನುವುದನ್ನೇ ಒಂದು ವ್ಯಾಲ್ಯೂ ಆಗಿ ಇಡುವುದಕ್ಕೆ ಬರುವುದಿಲ್ಲ. ಮತ್ತೆ ಪಟ್ಟಿಯೊಳಗಿನ ಒಂದೇ ಒಂದು ಐಟಂ ಬದಲಾಯಿಸುವುದಕ್ಕೂ ಬರುವುದಿಲ್ಲ, ಇಡೀ ಪಟ್ಟಿ ಕಳಿಸಬೇಕು. ಅದು ಸಾಲದಿದ್ದರೆ ಜೇಸನ್ ಪ್ಯಾಚ್ ಇದೆ, ಆರ್‌ಎಫ್‌ಸಿ 6902. ಅಲ್ಲಿ 'ಸೇರಿಸು', 'ತೆಗೆ', 'ಬದಲಿಸು' ಅಂತ ಆಜ್ಞೆಗಳನ್ನೇ ಕಳಿಸುತ್ತೀರಿ. ಪ್ರೊಫೈಲ್ ಸ್ಕ್ರೀನ್‌ಗೆ ಅದು ಜಾಸ್ತಿಯಾಯಿತು.

ರೆಸ್ಪಾನ್ಸ್‌ನಲ್ಲಿ ನಾನು ಯಾವಾಗಲೂ ಕೀ ಕಳಿಸುತ್ತೇನೆ, ಇಲ್ಲದಿದ್ದರೆ ನಲ್. ಒಂದು ರೆಸ್ಪಾನ್ಸ್ ನೋಡಿದರೆ ಯಾವ ಯಾವ ಫೀಲ್ಡ್ ಇವೆ ಅಂತ ಗೊತ್ತಾಗುತ್ತದೆ. ಒಂದು ಕಡೆ ಮಾತ್ರ ಬೇರೆ ಮಾಡುತ್ತೇನೆ. ಕೇಳಿದವರಿಗೆ ಆ ಫೀಲ್ಡ್ ನೋಡುವ ಅನುಮತಿ ಇಲ್ಲದಿದ್ದರೆ ಕೀಯನ್ನೇ ಬಿಡುತ್ತೇನೆ. ಸಂಬಳದ ಫೀಲ್ಡ್ ನಲ್ ಅಂತ ಬಂದರೆ 'ಸಂಬಳ ನಮೂದಾಗಿಲ್ಲ' ಅಂತ ಅರ್ಥವಾಗುತ್ತದೆ. ಅದು ಸುಳ್ಳು. ನಮೂದಾಗಿದೆ, ನಿಮಗೆ ತೋರಿಸುತ್ತಿಲ್ಲ ಅಷ್ಟೇ.

ಗೋ ಬಳಸುವವರು

ಮೇಲಿನವರು ಹೇಳಿದ್ದು ಕೇಳುವುದಕ್ಕೆ ಚೆನ್ನಾಗಿದೆ. ಕೋಡ್ ಬರೆಯಲು ಕೂತಾಗ ಭಾಷೆ ಅಡ್ಡ ಬರುತ್ತದೆ. ಗೋ ಭಾಷೆಯಲ್ಲಿ ಫೀಲ್ಡನ್ನು ಸುಮ್ನೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಅಂತ ಬರೆದರೆ, ಕೀ ಬರದಿದ್ದರೂ, ನಲ್ ಬಂದರೂ, ಖಾಲಿ ಸ್ಟ್ರಿಂಗ್ ಬಂದರೂ ಕೈಗೆ ಸಿಗುವುದು ಖಾಲಿ ಸ್ಟ್ರಿಂಗೇ. ಪಾಯಿಂಟರ್ (ವ್ಯಾಲ್ಯೂ ಇರುವ ಜಾಗದ ವಿಳಾಸ) ಹಾಕಿದರೆ ಖಾಲಿ ಸ್ಟ್ರಿಂಗ್ ಒಂದು ಬೇರೆಯಾಗುತ್ತದೆ. ಉಳಿದೆರಡೂ ನಿಲ್ (ಗೋದ ನಲ್). ನಮ್ಮಲ್ಲಿ 'ಪಾಯಿಂಟರ್ ಹಾಕಿದ್ದೇವೆ, ಸರಿಯಾಯಿತು' ಅಂತ ಬಹಳ ದಿನ ನಂಬಿಕೊಂಡಿದ್ದೆವು.

ಕೊನೆಗೆ ಮಾಡಿದ್ದು ಇದು. ನಮ್ಮದೇ ಒಂದು ಟೈಪ್, ಒಳಗೆ ಮೂರು ಸಂಗತಿ: ಕೀ ಬಂತಾ, ನಲ್ ಆಗಿತ್ತಾ, ವ್ಯಾಲ್ಯೂ ಏನು. ಅದಕ್ಕೆ ಅನ್‌ಮಾರ್ಷಲ್‌ಜೇಸನ್ ಮೆಥಡ್ (ಬಂದ ಜೇಸನ್ ಓದುವ ಕೋಡ್) ಬರೆದೆವು. ಕೀ ಬರದಿದ್ದರೆ ಆ ಮೆಥಡ್ ಓಡುವುದೇ ಇಲ್ಲ, 'ಬಂತಾ' ತಾನಾಗಿಯೇ ಫಾಲ್ಸ್ ಆಗಿ ಉಳಿಯುತ್ತದೆ. ನಲ್ ಬಂದರೂ ಓಡುತ್ತದೆ. ಒಂದೇ ಷರತ್ತು, ಈ ಟೈಪಿಗೆ ಮತ್ತೆ ಪಾಯಿಂಟರ್ ಹಾಕಬೇಡಿ. ಹಾಕಿದರೆ ನಲ್ ಬಂದಾಗ ಗೋ ಪಾಯಿಂಟರನ್ನು ನಿಲ್ ಮಾಡಿ ಮುಂದೆ ಹೋಗುತ್ತದೆ, ಮೆಥಡ್ ಕರೆಯುವುದಿಲ್ಲ. ನಮ್ಮ ಹೊಸಬರೊಬ್ಬರು 'ಇದೂ ಆಪ್ಷನಲ್ ತಾನೇ' ಅಂತ ಪಾಯಿಂಟರ್‌ನ ನಕ್ಷತ್ರ ಸೇರಿಸಿದ್ದರು. ಆ ಒಂದು ಅಕ್ಷರ ಹುಡುಕಲು ಒಂದು ಮಧ್ಯಾಹ್ನ ಹೋಯಿತು.

ಕಳಿಸುವ ಕಡೆ ಇನ್ನೊಂದು ಹಳ್ಳ ಇದೆ: ಒಮಿಟ್‌ಎಂಪ್ಟಿ (ಖಾಲಿ ಫೀಲ್ಡನ್ನು ಕಳಿಸದೇ ಬಿಡು ಅನ್ನುವ ಗುರುತು). ನೋಟಿಫಿಕೇಶನ್ ಬೇಕಾ ಬೇಡವಾ ಅನ್ನುವ ಒಂದು ಸ್ವಿಚ್ ನಮ್ಮಲ್ಲಿತ್ತು. ಆನ್ ಮಾಡಿದರೆ ಆನ್ ಆಗುತ್ತಿತ್ತು. ಆಫ್ ಮಾಡಿದರೆ ಏನೂ ಆಗುತ್ತಿರಲಿಲ್ಲ. ಒಮಿಟ್‌ಎಂಪ್ಟಿಗೆ ಫಾಲ್ಸ್ ಕೂಡ ಖಾಲಿ, ಸೊನ್ನೆ ಕೂಡ ಖಾಲಿ. ಹಾಗಾಗಿ ಕೀಯೇ ಹೋಗುತ್ತಿರಲಿಲ್ಲ. ಸರ್ವರ್ ಪಾಪ, ನಿಯಮದ ಪ್ರಕಾರ 'ಕೀ ಬಂದಿಲ್ಲ, ಮುಟ್ಟಬಾರದು' ಅಂತ ಸುಮ್ಮನಿತ್ತು. ಬಳಕೆದಾರರು ಆಫ್ ಮಾಡಿ ಮಾಡಿ ಸುಸ್ತಾಗಿ ಆ್ಯಪನ್ನೇ ತೆಗೆದರು. 2025ರ ಗೋ 1.24ರಲ್ಲಿ ಒಮಿಟ್‌ಜೀರೋ ಬಂದಿದೆ. ಟೈಪಿಗೆ ಇಸ್‌ಜೀರೋ ಮೆಥಡ್ ಇದ್ದರೆ ಅದನ್ನು ಕೇಳಿ ನಿರ್ಧರಿಸುತ್ತದೆ. ನಮ್ಮ ಮೂರು ಸ್ಥಿತಿಯ ಟೈಪಿಗೆ ಇದು ಸರಿಯಾಗಿ ಹೊಂದಿಕೊಂಡಿತು.

ಮೊಬೈಲ್ ಕಡೆಯಿಂದ ಎರಡು ಮಾತು

ಎಲ್ಲರೂ ಆ್ಯಪ್‌ನವರ ಮೇಲೆ ಹಾಕುತ್ತಿದ್ದೀರಿ, ಇರಲಿ. ಸರ್ವರ್‌ನವರು ಒಂದು ಬೆಳಿಗ್ಗೆ, ಇಷ್ಟು ದಿನ ಬಿಡುತ್ತಿದ್ದ ಕೀಯನ್ನು ನಲ್ ಮಾಡಿ ಕಳಿಸಲು ಶುರು ಮಾಡಿದರೆ ನಮಗೆ ಏನಾಗುತ್ತದೆ ಗೊತ್ತಾ? ಕೋಟ್ಲಿನ್ ಭಾಷೆಯ ಸೀರಿಯಲೈಸೇಶನ್ ಲೈಬ್ರರಿಯಲ್ಲಿ ಡಿಫಾಲ್ಟ್ ವ್ಯಾಲ್ಯೂ ಕೆಲಸ ಮಾಡುವುದು ಕೀ ಬರದಿದ್ದಾಗ. ನಲ್ ಒಪ್ಪದ ಟೈಪಿಗೆ ನಲ್ ಬಂದರೆ ನೇರ ಎಕ್ಸೆಪ್ಷನ್, ಮೊದಲೇ ಸೆಟ್ಟಿಂಗ್ ಬದಲಾಯಿಸಿ ಇಡದಿದ್ದರೆ. ಜೀಸನ್ (Gson) ಅನ್ನುವ ಇನ್ನೊಂದು ಲೈಬ್ರರಿ ಬಳಸಿದ್ದರೆ ಇನ್ನೂ ಕೆಟ್ಟದು. ಅದು ನಲ್ ಒಪ್ಪದ ಫೀಲ್ಡ್‌ಗೂ ಸದ್ದಿಲ್ಲದೆ ನಲ್ ತುಂಬುತ್ತದೆ, ಆ್ಯಪ್ ಬೀಳುವುದು ಮೂರು ಸ್ಕ್ರೀನ್ ದಾಟಿದ ಮೇಲೆ. ಸ್ಟಾಕ್ ಟ್ರೇಸ್ (ಕೋಡ್ ಎಲ್ಲಿ ಬಿತ್ತು ಅನ್ನುವ ದಾಖಲೆ) ನೋಡಿದರೆ ಎಪಿಐಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ.

ವೆಬ್‌ನಲ್ಲೂ ಹೀಗೇ. ಜಾವಾಸ್ಕ್ರಿಪ್ಟ್‌ನಲ್ಲಿ ಡಿಫಾಲ್ಟ್ ಬರುವುದು ಅನ್‌ಡಿಫೈನ್ಡ್ (ವ್ಯಾಲ್ಯೂ ಕೊಟ್ಟೇ ಇಲ್ಲ) ಇದ್ದಾಗ, ನಲ್ ಇದ್ದಾಗ ಅಲ್ಲ. ಕಳಿಸುವಾಗ ಜೇಸನ್ ಸ್ಟ್ರಿಂಗಿಫೈ ಅನ್‌ಡಿಫೈನ್ಡ್ ಇರುವ ಕೀಯನ್ನು ಬಿಟ್ಟುಬಿಡುತ್ತದೆ. ಅದೇ ಅನ್‌ಡಿಫೈನ್ಡ್ ಒಂದು ಪಟ್ಟಿಯೊಳಗೆ ಇದ್ದರೆ ನಲ್ ಮಾಡಿ ಕಳಿಸುತ್ತದೆ!

ಹಾಗಾಗಿ ಬಿಟ್ಟಿರಾ, ಬಿಡುತ್ತಲೇ ಇರಿ. ನಲ್ ಕಳಿಸಿದಿರಾ, ಕಳಿಸುತ್ತಲೇ ಇರಿ. ಹಳೆಯ ವರ್ಶನ್ ಆ್ಯಪ್ ಜನರ ಫೋನಿನಲ್ಲಿ ವರ್ಷಗಟ್ಟಲೆ ಇರುತ್ತದೆ.

ಒಪ್ಪದವರು

ನಾನು ಎರಡೂ ಒಂದೇ ಅನ್ನುವ ಪಕ್ಷ. ಝಲಾಂಡೋ ಕಂಪನಿ ಬಹಿರಂಗವಾಗಿ ಇಟ್ಟಿರುವ ಎಪಿಐ ಮಾರ್ಗಸೂಚಿಯಲ್ಲೂ ನಲ್‌ಗೂ ಬರದ ಕೀಗೂ ಒಂದೇ ಅರ್ಥ ಇರಲಿ ಅಂತ ಇದೆ. ಕಾರಣ ಮೇಲೆ ನೀವೇ ಹೇಳಿದ್ದೀರಿ: ಅರ್ಧಕ್ಕರ್ಧ ಲೈಬ್ರರಿಗಳಿಗೆ ಈ ವ್ಯತ್ಯಾಸ ಉಳಿಸಿಕೊಳ್ಳಲು ಬರುವುದಿಲ್ಲ. ಉಳಿಯದ ವ್ಯತ್ಯಾಸದ ಮೇಲೆ ಅರ್ಥ ಕಟ್ಟಿದರೆ ಯಾರೋ ಒಬ್ಬರ ಫೋನ್ ನಂಬರ್ ಅಳಿಸಿಹೋಗುತ್ತದೆ. ಅದೇ ಮಾರ್ಗಸೂಚಿ ಹೇಳುವ ಇನ್ನೆರಡು ಮಾತೂ ನನಗೆ ಸರಿ ಅನ್ನಿಸುತ್ತವೆ. ಬೂಲಿಯನ್‌ಗೆ (ಹೌದು/ಇಲ್ಲ ಫೀಲ್ಡ್) ನಲ್ ಬೇಡ, ಮೂರನೇ ಉತ್ತರ ಬೇಕಿದ್ದರೆ ಈನಮ್ (ನಿಗದಿತ ಉತ್ತರಗಳ ಪಟ್ಟಿ) ಮಾಡಿ. ಪಟ್ಟಿ ಖಾಲಿ ಇದ್ದರೆ ಖಾಲಿ ಪಟ್ಟಿ ಕಳಿಸಿ, ನಲ್ ಅಲ್ಲ.

ಬಹಳ ವರ್ಷದಿಂದ ಬ್ಯಾಕೆಂಡ್

ಪಟ್ಟಿ, ಬೂಲಿಯನ್ ವಿಷಯದಲ್ಲಿ ಕೈ ಎತ್ತಿ ಒಪ್ಪುತ್ತೇನೆ. ಆದರೆ ಆ ನಿಯಮದ ಜೊತೆಗೇ ಮರ್ಜ್ ಪ್ಯಾಚ್‌ಗೆ ವಿನಾಯಿತಿ ಇದೆ ಅಂತ ಅಲ್ಲೇ ಹೇಳಿದ್ದಾರೆ, ಅದನ್ನೂ ಓದಿ. ಓದುವ ಕಡೆ ಒಂದೇ ಅರ್ಥ, ಪ್ಯಾಚ್‌ನಲ್ಲಿ ಎರಡು. ನಾನು ಹೇಳಿದ್ದೂ ಇದೇ.

ಸ್ಕೀಮಾದಿಂದ ಕೋಡ್ ತೆಗೆಯುವವರು

ಯಾವ ಓಪನ್‌ಎಪಿಐ (ಎಪಿಐ ವಿವರಿಸುವ ಮಾನದಂಡ) ವರ್ಶನ್ ಅಂತ ನೋಡಿಕೊಳ್ಳಿ. 3.0ರಲ್ಲಿ 'ನಲ್ಲಬಲ್' ಅಂತ ಬೇರೆ ಗುರುತು ಹಾಕಬೇಕಿತ್ತು. 2021ರ 3.1ರಲ್ಲಿ ಅದನ್ನು ತೆಗೆದು, ಟೈಪ್ ಪಟ್ಟಿಯಲ್ಲೇ ನಲ್ ಸೇರಿಸುವಂತೆ ಮಾಡಿದರು. ಹಳೆಯ ಗುರುತು 3.1ರ ಫೈಲಿನಲ್ಲಿ ಉಳಿದರೆ ಟೂಲ್ ಗಲಾಟೆ ಮಾಡದೆ ಅದನ್ನು ಕಡೆಗಣಿಸಬಹುದು. ಇನ್ನು ಈನಮ್ ಫೀಲ್ಡ್‌ಗೆ ನಲ್ ಬೇಕಿದ್ದರೆ ಈನಮ್ ಪಟ್ಟಿಯಲ್ಲೂ ನಲ್ ಬರೆಯಬೇಕು. ಇದನ್ನು ಮರೆಯದವರನ್ನು ನಾನು ನೋಡಿಲ್ಲ.

ಪೈಥಾನ್‌ನಲ್ಲಿ ಪೈಡಾಂಟಿಕ್ ಲೈಬ್ರರಿ ಬಳಸುವವರಿಗೆ: ಮೊದಲ ವರ್ಶನ್‌ನಲ್ಲಿ ಆಪ್ಷನಲ್ ಅಂತ ಬರೆದರೆ ಡಿಫಾಲ್ಟ್ ತಾನಾಗಿಯೇ ನನ್ (ಪೈಥಾನ್‌ನ ನಲ್) ಆಗುತ್ತಿತ್ತು. ಎರಡನೇ ವರ್ಶನ್‌ನಲ್ಲಿ ಆಪ್ಷನಲ್ ಅಂದರೆ 'ನನ್ ಆಗಬಹುದು' ಅಂತ ಮಾತ್ರ. ಡಿಫಾಲ್ಟ್ ಕೊಡದಿದ್ದರೆ ಕೀ ಕಡ್ಡಾಯ. ಅಪ್‌ಗ್ರೇಡ್ ಮಾಡಿದ ದಿನ ನಮ್ಮ ಅರ್ಧ ಟೆಸ್ಟ್ ಕೆಂಪಾದವು. ಬೈದುಕೊಂಡೆವು, ಆದರೆ ಹೊಸ ಅರ್ಥವೇ ಸರಿ. ಯಾವ ಕೀ ನಿಜವಾಗಿ ಬಂತು ಅಂತ ತಿಳಿಯಲು ಮಾಡೆಲ್ ಫೀಲ್ಡ್ಸ್ ಸೆಟ್ ಇದೆ. ಡೇಟಾ ಹೊರತೆಗೆಯುವಾಗ ಎಕ್ಸ್‌ಕ್ಲೂಡ್ ಅನ್‌ಸೆಟ್ ಹಾಕಿದರೆ ಬಂದದ್ದು ಮಾತ್ರ ಸಿಗುತ್ತದೆ. ಪ್ಯಾಚ್‌ಗೆ ಅಷ್ಟೇ ಸಾಕು.

ಡೇಟಾಬೇಸ್ ನೋಡಿಕೊಳ್ಳುವವರು

ಎಪಿಐನಲ್ಲಿ ಎಷ್ಟು ಜೋಪಾನ ಮಾಡಿದರೂ ಕೆಳಗೆ ಬಂದು ಎಲ್ಲಾ ಕಲಸಿಹೋಗುತ್ತದೆ. ಟೇಬಲ್‌ನಲ್ಲಿ 'ಕಾಲಂ ಬಂದಿಲ್ಲ' ಅನ್ನುವ ಸ್ಥಿತಿಯೇ ಇಲ್ಲ. ಮಾಂಗೋಡಿಬಿ ಡೇಟಾಬೇಸ್‌ನಲ್ಲಿ ಫೀಲ್ಡ್ ನಲ್ ಇರುವುದನ್ನು ಹುಡುಕು ಅಂದರೆ ಫೀಲ್ಡೇ ಇಲ್ಲದ ದಾಖಲೆಗಳೂ ಬರುತ್ತವೆ. ಪೋಸ್ಟ್‌ಗ್ರೆಸ್‌ನ ಜೇಸನ್‌ಬಿ ಕಾಲಂನಲ್ಲಿ ಒಂದು ತಲೆಯ ಬಾಣದಿಂದ (->) ತೆಗೆದರೆ ಜೇಸನ್ ನಲ್ (ಕೀ ಇದ್ದು ನಲ್) ಬೇರೆ, ಎಸ್‌ಕ್ಯೂಎಲ್ ನಲ್ (ಕೀಯೇ ಇಲ್ಲ) ಬೇರೆ. ಎರಡು ತಲೆಯ ಬಾಣದಿಂದ (->>) ತೆಗೆದರೆ ಎರಡೂ ಎಸ್‌ಕ್ಯೂಎಲ್ ನಲ್. ಹಾಗಾಗಿ ಈ ವ್ಯತ್ಯಾಸ ಎಪಿಐ ಬಾಗಿಲಲ್ಲೇ ಮುಗಿಯಬೇಕು, ಒಳಗೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಇನ್ನೊಂದು ಅನುಮಾನ. ನಮ್ಮಲ್ಲಿ ಚಂದಾದ ಕೊನೆಯ ದಿನಾಂಕ ನಲ್ ಆಗಿದ್ದರೆ 'ಎಂದೂ ಮುಗಿಯುವುದಿಲ್ಲ' ಅಂತ ಅರ್ಥ. ಇದನ್ನೂ ಪ್ಯಾಚ್ ಮಾಡಬೇಕು.

ಬಹಳ ವರ್ಷದಿಂದ ಬ್ಯಾಕೆಂಡ್

ಅಯ್ಯೋ, ಇದನ್ನು ಮೊದಲು ಸರಿ ಮಾಡಿ. 'ಇಲ್ಲ' ಅನ್ನುವುದಕ್ಕೆ ಇಟ್ಟ ಪದವನ್ನೇ 'ಅಪಾರ' ಅನ್ನುವುದಕ್ಕೂ ಇಟ್ಟಿದ್ದೀರಿ. ಯಾರಾದರೂ ದಿನಾಂಕ ತುಂಬಲು ಮರೆತರೆ ಶಾಶ್ವತ ಚಂದಾ! ಚಂದಾದ ಬಗೆ ಅಂತ ಬೇರೆ ಫೀಲ್ಡ್ ಮಾಡಿ: 'ಅವಧಿಯದು', 'ಶಾಶ್ವತ'. ಅವಧಿಯದಾದರೆ ದಿನಾಂಕ ಕಡ್ಡಾಯ, ಶಾಶ್ವತವಾದರೆ ದಿನಾಂಕ ಬರಲೇಬಾರದು.

ಪ್ರಶ್ನೆ ಕೇಳಿದವರು

ಎರಡನೇ ವರ್ಶನ್ ಮರ್ಜ್ ಪ್ಯಾಚ್ ಪ್ರಕಾರವೇ, ಚಂದಾಕ್ಕೆ ಬಗೆ ಫೀಲ್ಡ್ ಸೇರಿಸಿ. ಓದುವ, ಬರೆಯುವ ಸ್ಕೀಮಾ ಬೇರೆ ಬೇರೆ. ತಲೆನೋವು ಇದ್ದದ್ದು ಹಳೆಯ ಆ್ಯಪ್‌ನದು. ಅದು ನಲ್ ಕಳಿಸುವುದನ್ನು ಈಗ ನಿಲ್ಲಿಸಲಾಗುವುದಿಲ್ಲ, ಹಾಗಂತ ನಲ್ ಕಡೆಗಣಿಸಿದರೆ ನಿಜವಾಗಿ ಅಳಿಸಬೇಕಾದವರು ಏನು ಮಾಡಬೇಕು ಅಂತ ಚಿಂತೆಯಿತ್ತು. ನಿನ್ನೆ ರಿಕ್ವೆಸ್ಟ್ ಲಾಗ್ ತೆಗೆದು ಕೂತೆವು. ನೋಡಿದರೆ ಆ ಆ್ಯಪ್‌ನಲ್ಲಿ ಫೋನ್ ನಂಬರ್ ಪಕ್ಕದ 'ಅಳಿಸು' ಗುಂಡಿ ಒತ್ತಿದಾಗ ಹೋಗುತ್ತಿದ್ದದ್ದು ನಲ್ ಅಲ್ಲ, ಖಾಲಿ ಸ್ಟ್ರಿಂಗ್. ಅದನ್ನು ಬರೆದವರು ಯಾವಾಗಲೋ ಬೇರೆ ತಂಡಕ್ಕೆ ಹೋಗಿದ್ದಾರೆ, ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಹಾಗಾಗಿ ಮೊದಲ ವರ್ಶನ್‌ನಲ್ಲಿ ನಲ್ ಬಂದರೆ ಮುಟ್ಟುವುದಿಲ್ಲ, ಖಾಲಿ ಸ್ಟ್ರಿಂಗ್ ಬಂದರೆ ಅಳಿಸುತ್ತೇವೆ. ಎರಡನೇ ವರ್ಶನ್‌ನಲ್ಲಿ ನಲ್ ಬಂದರೆ ಅಳಿಸುತ್ತೇವೆ, ಖಾಲಿ ಸ್ಟ್ರಿಂಗ್ ಬಂದರೆ 400 (ರಿಕ್ವೆಸ್ಟ್ ತಪ್ಪು ಅನ್ನುವ ಕೋಡ್) ಕೊಟ್ಟು ವಾಪಸ್ ಕಳಿಸುತ್ತೇವೆ. ಬದಲಾವಣೆ ಇವತ್ತು ಟೆಸ್ಟ್ ಸರ್ವರ್‌ಗೆ ಹೋಗಿದೆ.