ಕೆಳಗೆ ಹನಿ ಬೀಳದೆ ಕೂಲೆಂಟ್ ಕಮ್ಮಿಯಾಗುವುದಕ್ಕೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಮಂಡ್ಯ, ಮದ್ದೂರು ಕಡೆ ಬೆಲ್ಲ, ಎಳನೀರು, ತರಕಾರಿ ಹೊಡೆಯುವ ಪಿಕಪ್ ಡ್ರೈವರ್‌ಗಳಿಗೆ ಅಂತ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಇಂಜಿನ್ ಬಿಸಿಯಾಗುವ ಅಧ್ಯಾಯದಲ್ಲಿ ಒಂದು ಪದಕ್ಕೆ ಸಿಕ್ಕಿಕೊಂಡಿದ್ದೇನೆ. ನಿಮ್ಮ ಸಹಾಯ ಬೇಕು.

ಇಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಕಮ್ಮಿಯಾದರೆ ಬರವಣಿಗೆಯಲ್ಲಿ ಎಲ್ಲರೂ ‘ಸೋರಿಕೆ’ ಅಂತ ಬರೆದು ಮುಂದೆ ಹೋಗುತ್ತಾರೆ. ನನಗೆ ತಕರಾರು ಇರುವುದೇ ಇಲ್ಲಿ. ಸೋರಿಕೆ ಅಂದ ತಕ್ಷಣ ಡ್ರೈವರ್ ಏನು ಮಾಡುತ್ತಾನೆ? ಬಗ್ಗಿ ಗಾಡಿ ಕೆಳಗೆ ನೋಡುತ್ತಾನೆ. ನೆಲ ಒಣಗಿದ್ದರೆ ‘ಸೋರ್ತಿಲ್ಲ ಬಿಡು’ ಅಂತ ಒಂದು ಬಾಟಲಿ ನೀರು ಸುರಿದುಕೊಂಡು ಹೊರಡುತ್ತಾನೆ. ಆದರೆ ಇಂಜಿನ್ ಹಾಳು ಮಾಡುವ ನಷ್ಟ ಎಷ್ಟೋ ಸಲ ನೆಲಕ್ಕೆ ಒಂದು ಹನಿಯನ್ನೂ ಬೀಳಿಸುವುದಿಲ್ಲ.

ನಮ್ಮ ಭಾವನ ಪಿಕಪ್ಪಿನಲ್ಲಿ ಹೀಗೇ ಆಯಿತು. ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಟ್ಟರೂ ಬೆಳಿಗ್ಗೆ ಒಣಗೇ ಇರುತ್ತಿತ್ತು, ರೇಡಿಯೇಟರ್ ಪಕ್ಕದ ಕೂಲೆಂಟ್ ಡಬ್ಬಿಯಲ್ಲಿ ಮಾತ್ರ ಮಟ್ಟ ಕೆಳಗಿನ ಗೆರೆಗಿಂತ ಇಳಿದಿರುತ್ತಿತ್ತು. ಮಂಡ್ಯದ ಮೆಕ್ಯಾನಿಕ್ ಒಬ್ಬರು ಟಾರ್ಚ್ ಹಿಡಿದು ವಾಟರ್ ಪಂಪಿನ ಕೆಳಗೆ ಬೆರಳಾಡಿಸಿ ತೋರಿಸಿದರು. ಬೆರಳಿಗೆ ಗುಲಾಬಿ ಬಣ್ಣದ ಪುಡಿ ಅಂಟಿತ್ತು. ಪಂಪಿನ ಒಳಗಿನ ಸೀಲ್ ಸವೆದರೆ ನೀರು ಹೊರಗೆ ಬರಲಿ ಅಂತಲೇ ಅಲ್ಲೊಂದು ಸಣ್ಣ ತೂತು ಇಟ್ಟಿರುತ್ತಾರೆ. ಅಲ್ಲಿಂದ ಬಂದ ಕೂಲೆಂಟ್ ಬಿಸಿ ಲೋಹದ ಮೇಲೇ ಆರಿಹೋಗಿ ಬಣ್ಣದ ಕಲೆ ಮಾತ್ರ ಉಳಿಯುತ್ತೆ. ಅವರು ಅಂದಿದ್ದು ಇಷ್ಟು: ‘ಇದು ಸೋರಾದಲ್ಲ ಸಾ, ಒಸರಾದು.’

ನಮ್ಮ ಕಡೆ ಬಂಡೆ ಸಂದಿಯಿಂದ, ಬಾವಿ ಗೋಡೆಯಿಂದ ನೀರು ಒಸರುತ್ತೆ ಅಂತೀವಿ. ಹರಿಯುವಷ್ಟು ಇರಲ್ಲ, ಪಸೆ ಮಾತ್ರ. ಈ ಜಾಗಕ್ಕೆ ಇದಕ್ಕಿಂತ ಸರಿಯಾದ ಮಾತು ನನಗೆ ಕಾಣಲಿಲ್ಲ. ‘ಜಿನುಗು’ ಕೂಡ ಹತ್ತಿರದ್ದೇ, ಆದರೆ ಜಿನುಗುವ ಮಳೆ ನೆನಪಾಗಿ ಹನಿ ಕಾಣಬೇಕು ಅನ್ನಿಸಿಬಿಡುತ್ತೆ.

ಇನ್ನೊಂದು ಬಗೆ ಇದಕ್ಕಿಂತ ಕೆಟ್ಟದ್ದು. ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಇರುವ ಸೀಲ್, ಹೋದರೆ ಕೂಲೆಂಟ್ ಸಿಲಿಂಡರಿಗೇ ನುಗ್ಗಿ ಡೀಸೆಲ್ ಜೊತೆ ಹಬೆಯಾಗಿ ಸೈಲೆನ್ಸರಿನಿಂದ ಆಚೆ ಹೋಗುತ್ತೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಅದರಲ್ಲಿ ಸಿಹಿ ವಾಸನೆ ಇದ್ದರೆ ಅನುಮಾನ ಪಡಬೇಕು. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಬರುವ ಬಿಳಿ ಹೊಗೆ ಬೇರೆ, ಅದಕ್ಕೆ ಹೆದರಬೇಕಿಲ್ಲ. ಕೆಲವು ಸಲ ನೀರು ಆಯಿಲ್‌ಗೆ ಸೇರಿಕೊಳ್ಳುತ್ತೆ, ಆಗ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಕಾಣುತ್ತೆ. ಹೊಸ ಡೀಸೆಲ್ ಗಾಡಿಗಳಲ್ಲಿ ಇಜಿಆರ್ ಕೂಲರ್ ಅಂತ ಇರುತ್ತಲ್ಲ, ಹೊಗೆಯನ್ನು ತಣ್ಣಗೆ ಮಾಡಿ ಮತ್ತೆ ಇಂಜಿನ್ನಿಗೆ ಬಿಡುವ ಭಾಗ, ಅದು ಒಳಗೆ ಸೀಳಿದರೂ ಇದೇ ಬಿಳಿ ಹೊಗೆ. ಅದನ್ನು ನೋಡದೆ ಸುಮ್ನೆ ಹೆಡ್ ಬಿಚ್ಚಿಸಿ ದುಡ್ಡು ಕಳೆದುಕೊಂಡವರು ಇದ್ದಾರೆ. ಇದಕ್ಕೆಲ್ಲ ಗ್ಯಾರೇಜಿನ ಮಾತು ಒಂದೇ: ‘ಗಾಡಿ ನೀರು ಕುಡೀತಾ ಇದೆ.’

ಈ ಮಾತು ನನಗೆ ತುಂಬ ಇಷ್ಟ. ನೀರು ಎತ್ತ ಹೋಯಿತು ಅನ್ನುವುದು ಕ್ರಿಯಾಪದದಲ್ಲೇ ಇದೆ. ಪರೀಕ್ಷೆಗೂ ಸರಿಯಾಗಿ ಹೊಂದುತ್ತೆ. ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಬಾಯಿಗೆ ಕೈಪಂಪು ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಡುತ್ತಾರೆ, 0.9 ಬಾರ್, 1.1 ಬಾರ್ ಹೀಗೆ. ಪಂಪಿನ ಮೀಟರಿನ ಮುಳ್ಳು ಇಳಿದು ಹೊರಗೆ ಎಲ್ಲಾದರೂ ಪಸೆ ಕಂಡರೆ ಒಸರುತ್ತಿದೆ. ಮುಳ್ಳು ಇಳಿದೂ ಹೊರಗೆಲ್ಲ ಒಣಗಿದ್ದರೆ ಕುಡಿಯುತ್ತಿದೆ ಅಂತ ಅನುಮಾನ. ಮುಳ್ಳು ಇಳಿಯಲೇ ಇಲ್ಲ ಅಂದರೆ ಮುಚ್ಚಳವನ್ನೇ ಪರೀಕ್ಷಿಸಬೇಕು, ಯಾಕಂದರೆ ನೀರು ಸುಮಾರು 120 ಡಿಗ್ರಿವರೆಗೆ ಕುದಿಯದ ಹಾಗೆ ತಡೆಯುವುದು ಆ 1 ಬಾರ್ ಒತ್ತಡ. ಮುಚ್ಚಳದ ಸ್ಪ್ರಿಂಗ್ ಸೋತರೆ ನೀರು ಬೇಗ ಕುದಿದು, ಡಬ್ಬಿ ತುಂಬಿ ಚೆಲ್ಲಿ, ಓಡುವಾಗಲೇ ಹಾರಿಹೋಗುತ್ತೆ. ಮುಚ್ಚಳದ ಬೆಲೆ ಹೆಡ್ ಕೆಲಸದ ಮುಂದೆ ಏನೂ ಅಲ್ಲ, ಆದರೂ ಅದನ್ನು ಮೊದಲು ನೋಡುವವರು ಕಮ್ಮಿ.

ಹಾಗಾಗಿ ಕೈಪಿಡಿಯಲ್ಲಿ ಕಣ್ಣಿಗೆ ಕಂಡರೆ ‘ಸೋರು’, ಕಲೆ ಮಾತ್ರ ಉಳಿದರೆ ‘ಒಸರು’, ಒಳಗೆ ಹೋದರೆ ‘ಕುಡಿ’ ಅಂತ ಬೇರೆ ಬೇರೆ ಮಾಡಿಕೊಂಡಿದ್ದೇನೆ. ಕಷ್ಟ ಇರುವುದು ಇವೆಲ್ಲಕ್ಕೂ ಸೇರಿ ಒಂದು ತಲೆಬರಹ ಕೊಡುವುದರಲ್ಲಿ. ‘ಗುಪ್ತ ಸೋರಿಕೆ’ ಬೇಡ, ಅದು ಸರ್ಕಾರಿ ಕಡತದ ಸುದ್ದಿ ಥರ ಕೇಳುತ್ತೆ. ‘ನೀರು ಇಂಗುವುದು’ ಅಂದರೆ ಚೆನ್ನಾಗಿದೆ, ಆದರೆ ಇಂಗುವುದು ಮಣ್ಣಿಗೆ, ಲೋಹಕ್ಕೆ ಅಲ್ಲ ಅಲ್ವಾ? ಸದ್ಯಕ್ಕೆ ‘ಕೂಲೆಂಟ್ ಇಳಿಯುವುದು’ ಅಂತ ಹಾಕಿದ್ದೇನೆ.

ಕೂಲೆಂಟ್ ಬಗ್ಗೆಯೂ ಒಂದು ಮಾತು. ಪಠ್ಯಪುಸ್ತಕದ ‘ಶೀತಕ’ ಡ್ರೈವರ್‌ಗಳಿಗೆ ಗೊತ್ತಿಲ್ಲ. ಅವರು ‘ನೀರು’ ಅಂತಾರೆ, ಆ ಹೆಸರಿನಿಂದಲೇ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸವೂ ಬಂದಿದೆ ಅಂತ ನನ್ನ ಅನಿಸಿಕೆ. ಗಡಸು ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಬಿಳಿ ಉಪ್ಪು ಕಟ್ಟುತ್ತೆ, ಕೂಲೆಂಟಿನಲ್ಲಿರುವ ತುಕ್ಕು ತಡೆಯುವ ಅಂಶವೂ ತೆಳುವಾಗುತ್ತೆ. ಅದಕ್ಕೇ ಕೈಪಿಡಿಯಲ್ಲಿ ಎಲ್ಲ ಕಡೆ ‘ಕೂಲೆಂಟ್’ ಅಂತಲೇ ಬರೆಯುತ್ತೇನೆ, ‘ಗಾಡಿ ನೀರು ಕುಡೀತಾ ಇದೆ’ ಅನ್ನುವ ಒಂದು ಮಾತನ್ನು ಮಾತ್ರ ಹಾಗೇ ಬಿಡುತ್ತೇನೆ.

ಹಾಸನ, ತುಮಕೂರು, ಹುಬ್ಬಳ್ಳಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ಈ ಒಳನಷ್ಟಕ್ಕೆ ಏನಂತಾರೆ? ‘ಒಸರು’ ಅಂದರೆ ಅಲ್ಲಿನ ಡ್ರೈವರ್‌ಗಳಿಗೆ ಅರ್ಥ ಆಗುತ್ತಾ? ತಲೆಬರಹಕ್ಕೆ ‘ಇಳಿಯುವುದು’ಕ್ಕಿಂತ ಒಳ್ಳೆಯದು ಹೊಳೆದರೆ ದಯವಿಟ್ಟು ತಿಳಿಸಿ. ಕೇಳಿದ ಮಾತನ್ನು ಕೇಳಿದ ಹಾಗೇ, ಊರಿನ ಹೆಸರಿನ ಜೊತೆ ಬರೆದರೆ ಇನ್ನೂ ಉಪಕಾರ.