ಮೆಣಸು ಕೊಯ್ಲಿನ ಕತ್ತು ನೋವಿಗೆ ಶಾಖ ಕೊಟ್ಟರೆ ಸಾಕಾ?

ಪ್ರಶ್ನೆ (ಸಿದ್ದಾಪುರ)
ಕಾಳುಮೆಣಸಿನ ಕೊಯ್ಲು ಶುರುವಾದ ಮೇಲೆ ತಮ್ಮನಿಗೆ ಕತ್ತಿನ ಬಲಭಾಗದಿಂದ ಹೆಗಲಿನವರೆಗೆ ಹಿಡಿದುಕೊಂಡಿದೆ. ವಯಸ್ಸು 38. ಹಗಲು ಏಣಿ ಮೇಲೆ, ರಾತ್ರಿ ಲ್ಯಾಪ್‌ಟಾಪಿನಲ್ಲಿ ತೋಟದ ಲೆಕ್ಕ. ಬಿದ್ದಿಲ್ಲ, ಕೈ ಜೋಮು ಹಿಡಿಯುವುದಿಲ್ಲ. ಶಾಖ ಕೊಟ್ಟರೆ ಒಂದೆರಡು ಗಂಟೆ ಹಗುರ, ಆಮೇಲೆ ಮತ್ತೆ ಅದೇ. ಕಾಲರ್ ಹಾಕಬೇಕಾ? ಯಾವ ವ್ಯಾಯಾಮ, ಎಷ್ಟು ಸಲ?

ಉತ್ತರ 1 (ಫಿಸಿಯೋಥೆರಪಿ, ಮಡಿಕೇರಿ)
ಕಾಲರ್ ಬೇಡ. ದಿನಗಟ್ಟಲೆ ಹಾಕಿದರೆ ಕತ್ತಿನ ಸ್ನಾಯುಗಳಿಗೆ ಕೆಲಸ ತಪ್ಪಿ ಇನ್ನೂ ಸೋಲುತ್ತವೆ. ತಲೆ ಎತ್ತಿ ನೋಡುತ್ತಲೇ ಇದ್ದರೆ ಕತ್ತಿನ ಹಿಂದಿನ ಸಣ್ಣ ಕೀಲುಗಳು ಒತ್ತಿಕೊಳ್ಳುತ್ತವೆ. ಕೈ ಮೇಲೆತ್ತಿಯೇ ಇಟ್ಟರೆ ಕತ್ತಿನಿಂದ ಹೆಗಲಿಗೆ ಇಳಿಯುವ ಸ್ನಾಯುವಿಗೆ ಬಿಡುವೇ ಸಿಗುವುದಿಲ್ಲ. ಶಾಖ ಬಿಗಿತ ಸಡಿಲಿಸುತ್ತದೆ, ಬಲ ಕೊಡುವುದಿಲ್ಲ. 15 ನಿಮಿಷ ಶಾಖ ಕೊಟ್ಟ ಬೆನ್ನಿಗೇ ವ್ಯಾಯಾಮ ಮಾಡಿಸಿ.

ಮೊದಲು ಗದ್ದ ಒಳಗೆಳೆಯುವುದು. ಗೋಡೆಗೆ ಬೆನ್ನು ಕೊಟ್ಟು ಕುಳಿತು, ನೋಟ ನೇರವಾಗಿಟ್ಟು, ಡ್ರಾಯರ್ ತಳ್ಳಿದ ಹಾಗೆ ಗದ್ದವನ್ನು ಹಿಂದಕ್ಕೆ ಸರಿಸಬೇಕು. 5 ಸೆಕೆಂಡ್ ಹಿಡಿದು ಬಿಡುವುದು, 10 ಸಲ, ದಿನಕ್ಕೆ ಮೂರು ಹೊತ್ತು. ಆಮೇಲೆ ಬಲಗೈಯಲ್ಲಿ ಕುರ್ಚಿಯ ಅಂಚು ಹಿಡಿದು ತಲೆಯನ್ನು ಎಡಕ್ಕೆ ವಾಲಿಸಿ 30 ಸೆಕೆಂಡ್, ಮೂರು ಸಲ. ಮುಖವನ್ನು ಎಡಕ್ಕೆ ತಿರುಗಿಸಿ ಎಡ ಕಂಕುಳು ನೋಡಿದ ಹಾಗೆ ಬಗ್ಗಿಸಿದರೆ ಹೆಗಲ ಮೂಳೆಯ ಮೇಲ್ತುದಿಯ ಹಿಡಿತ ಬಿಡುತ್ತದೆ. ಎಳೆತ ಗೊತ್ತಾಗಬೇಕು, ನೋಯಬಾರದು.

ನೋವು ಮರುಕಳಿಸದಿರಬೇಕಾದರೆ ಬಲ ಬೇಕು. ಕಿಟಕಿ ಸರಳಿಗೆ ವ್ಯಾಯಾಮದ ಉದ್ದ ರಬ್ಬರ್ ಬ್ಯಾಂಡ್ ಕಟ್ಟಿ, ಮೊಣಕೈ ಪಕ್ಕೆಗೆ ತಾಗಿಸಿಕೊಂಡು, ಹೆಗಲ ಮೂಳೆಗಳೆರಡೂ ಹತ್ತಿರ ಬರುವಂತೆ ಎಳೆಯಲಿ. 12ರಂತೆ ಮೂರು ಸರದಿ, ದಿನ ಬಿಟ್ಟು ದಿನ. ಹೆಗಲು ಕಿವಿಯತ್ತ ಏರಿದರೆ ನೋಯುವ ಸ್ನಾಯುವೇ ಮತ್ತೆ ದುಡಿಯುತ್ತಿದೆ ಎಂದರ್ಥ; ಹಗುರ ಬ್ಯಾಂಡ್ ತೆಗೆದುಕೊಳ್ಳಿ. ಬಲ ಕೂಡಲು ಆರು ವಾರವಾದರೂ ಬೇಕು. ತಲೆಯನ್ನು ಗಿರಗಿರ ಸುತ್ತು ತಿರುಗಿಸುವುದು ಮಾತ್ರ ಬೇಡವೇ ಬೇಡ.

ಉತ್ತರ 2 (ತೋಟದ ರೈಟರ್, ಅಂದರೆ ಮೇಲ್ವಿಚಾರಕ, ಸುಂಟಿಕೊಪ್ಪ)
ವ್ಯಾಯಾಮದ ಜತೆ ಏಣಿ ಇಡುವ ರೀತಿಯೂ ಬದಲಾಗಬೇಕು. ಏಣಿ ಸರಿಸುವುದು ರಗಳೆ ಅಂತ ಇದ್ದಲ್ಲಿಂದಲೇ ತಲೆ ಮೇಲಿನ ತೆನೆಗೆ ಕೈ ಚಾಚುತ್ತಾರೆ, ಕತ್ತು ಹಿಡಿಯುವುದೇ ಅಲ್ಲಿ. ಕೊಯ್ಯುವ ತೆನೆ ಎದೆಯಿಂದ ಕಣ್ಣಿನ ಮಟ್ಟದೊಳಗೆ ಇರಲಿ. ಅದಕ್ಕಿಂತ ಮೇಲಿದ್ದರೆ ಒಂದು ಮೆಟ್ಟಿಲು ಹತ್ತಿ, ಇಲ್ಲವೇ ಬೇರೆ ಏಣಿ ತನ್ನಿ. ತುದಿಯ ಮೂರು ಮೆಟ್ಟಿಲಿಗೆ ಕಾಲಿಡಬೇಡಿ. ಚೀಲ ಕತ್ತಿಗೆ ನೇತುಹಾಕದೆ ಸೊಂಟಕ್ಕೆ ಕಟ್ಟಿ, ಅರ್ಧ ತುಂಬಿದಾಗಲೇ ಇಳಿಯಲಿ. ಇಳಿದಾಗ ಕೈ ಜೋತುಬಿಟ್ಟು ಒಂದು ನಿಮಿಷ ನಿಂತರೂ ಲಾಭ.

ಲ್ಯಾಪ್‌ಟಾಪ್ ಕೆಳಗೆ ದಪ್ಪ ಪುಸ್ತಕಗಳನ್ನಿಟ್ಟು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಆಗ ಬೇರೆ ಕೀಬೋರ್ಡ್ ಬೇಕಾಗುತ್ತದೆ, ಇಲ್ಲದಿದ್ದರೆ ಕೈ ಎತ್ತಿ ಟೈಪ್ ಮಾಡಿ ಹೆಗಲು ಇನ್ನೂ ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು
ಗದ್ದ ಒಳಗೆಳೆದಾಗ ಗಂಟಲು ಬಿಗಿದ ಹಾಗಾಗುತ್ತದಂತೆ, ಮುಂದುವರಿಸಬಹುದಾ?

ಉತ್ತರ 1
ಹಟ ಹಿಡಿದು ಎಳೆಯುತ್ತಿದ್ದಾರೆ. ಅರ್ಧ ಬಲ ಸಾಕು, ಉಸಿರು ಸಲೀಸಾಗಿ ಆಡುತ್ತಿರಬೇಕು. ಗದ್ದ ಎದೆಯತ್ತ ಬಾಗುತ್ತಿದ್ದರೂ ಹೀಗೇ ಆಗುತ್ತದೆ. ಮಲಗಿಕೊಂಡು, ತಲೆಯಡಿ ಮಡಿಸಿದ ಟವೆಲ್ ಇಟ್ಟು ಮಾಡಿಸಿ, ಸುಲಭ.

ಒಂದು ಮಾತು. ಕೈಗೆ ಜೋಮು ಬಂದರೆ, ಹಿಡಿತ ಸಡಿಲವಾದರೆ ವ್ಯಾಯಾಮ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ನಡಿಗೆ ತಪ್ಪಿದರೆ, ಮೂತ್ರದ ಹಿಡಿತ ಹೋದರೆ, ಏಣಿಯಿಂದ ಬಿದ್ದ ಮೇಲೆ ಕತ್ತು ನೋವು ಬಂದರೆ ಅದೇ ದಿನ ಆಸ್ಪತ್ರೆಗೆ. ಎದೆ ಹಿಂಡಿ, ಬೆವರಿ, ಹೆಗಲು ನೋಯುತ್ತಿದ್ದರೆ ಅದು ಹೃದಯದ್ದಿರಬಹುದು, ಶಾಖ ಕೊಡುತ್ತ ಕೂರಬೇಡಿ. ಇನ್ನು, ಬೇರೆಯವರು ಎತ್ತಿದರೂ ಕೈ ಮೇಲೇಳದಿದ್ದರೆ ಅದು ಕತ್ತಿನದಲ್ಲ, ಹೆಗಲ ಕೀಲೇ ಬಿಗಿದಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು, ರಕ್ತದ ಸಕ್ಕರೆಯನ್ನೂ ನೋಡಿಸಿ.