ಪ್ರಾಯಶ್ಚಿತ್ತಯಜ್ಞ, ಕೃತಜ್ಞತೆಯ ಯಜ್ಞ, ಹರಕೆ: ಪಾಠದಾಗ ಹೆಂಗ ಬಿಡಿಸಿ ಹೇಳೂದು?

ಜಮಖಂಡಿ_ಭಾನುವಾರ:
ಎಲ್ಲಾರಿಗೂ ನಮಸ್ಕಾರ್ರಿ. ಮುಂದಿನ ವಾರ ದೊಡ್ಡವರ ಸತ್ಯವೇದ ಪಾಠ ಯಾಜಕಕಾಂಡ 4ರಿಂದ 7, ಹಳೆ ಒಡಂಬಡಿಕಿಯ ಯಜ್ಞದ ನಿಯಮ ಇರೂ ಭಾಗ. ದೋಷಪರಿಹಾರಕ ಯಜ್ಞ, ಪ್ರಾಯಶ್ಚಿತ್ತಯಜ್ಞ ಎರಡೂ ಕೇಳಾಕ ಒಂದ ಅನಸ್ತಾವ. ರಕ್ತ ಸುರಿಸದ ಕ್ಷಮೆ ಇಲ್ಲ ಅಂತ ಇಬ್ರಿಯರಿಗೆ 9:22 ಹೇಳ್ತೈತಿ, ಹಂಗಾರ ಕುರಿ ಕೊಳ್ಳಾಕ ಆಗದವ ಏನ ಮಾಡಬೇಕಿತ್ತು? ಇನ್ನ ನಮ್ಮ ಕಡೆ ಬಲಿ ಅಂದಕೂಡಲೆ ಮಂದಿಗೆ ಹರಕಿ ಕುರಿನ ಕಣ್ಮುಂದ ಬರ್ತೈತಿ. ಕೃತಜ್ಞತೆಯ ಯಜ್ಞಾನೂ ಅದ ಅಂತ ತಿಳಕೋತಾರ. ಗೊತ್ತಿದ್ದವರು ಹೇಳ್ರಿ.

ಗುಳೇದಗುಡ್ಡ_ಖಣ:
ಹೆಸರು ಬಿಡ್ರಿ ಸರ್, ಕೆಲಸ ನೋಡ್ರಿ. ದೋಷಪರಿಹಾರಕ ಯಜ್ಞ ಮುಖ್ಯವಾಗಿ ಗೊತ್ತಿಲ್ಲದೆ ಆದ ತಪ್ಪಿಗೆ. ಅಲ್ಲಿ ಮನುಷ್ಯನ ಸ್ಥಾನ ನೋಡಿ ಪ್ರಾಣಿ ಬದಲಾಗ್ತದೆ: ಮಹಾಯಾಜಕನಿಗೂ ಇಡೀ ಸಮೂಹಕ್ಕೂ ಹೋರಿ, ಅಧಿಪತಿಗೆ ಹೋತ, ಸಾಮಾನ್ಯನಿಗೆ ಹೆಣ್ಣು ಆಡು ಇಲ್ಲವೇ ಹೆಣ್ಣು ಕುರಿ. ದೊಡ್ಡವನ ತಪ್ಪಿಗೆ ದೊಡ್ಡ ಪ್ರಾಣಿ. ಇದನ್ನ ಕ್ಲಾಸಿನಾಗ ಒತ್ತಿ ಹೇಳ್ರಿ.

ಪ್ರಾಯಶ್ಚಿತ್ತಯಜ್ಞದಲ್ಲಿ (5:14ರಿಂದ 6:7) ಟಗರಿನ ಜೊತೆ ಲೆಕ್ಕಾನೂ ಚುಕ್ತಾ ಆಗಬೇಕು. ನಂಬಿ ಕೊಟ್ಟ ಒತ್ತೆ ನುಂಗಿದ್ದು, ಸಿಕ್ಕ ಮಾಲು ಸಿಕ್ಕಿಲ್ಲ ಅಂತ ಸುಳ್ಳು ಆಣೆ ಮಾಡಿದ್ದು, ಇಂಥವಕ್ಕೆ ಅಸಲು ಕೊಟ್ಟು, ಮೇಲೆ ಐದನೇ ಒಂದು ಪಾಲು. 10,000 ರೂಪಾಯಿ ನುಂಗಿದವ 12,000 ಎಣಿಸಬೇಕು. ಅದೂ ಯಾರ ದುಡ್ಡೋ ಅವರ ಕೈಗೆ, ಟಗರು ತಂದ ದಿನವೇ. ಒಡೆಯ ಇಲ್ಲ, ಹತ್ತಿರದ ಸಂಬಂಧಿಕರೂ ಇಲ್ಲ ಅಂದ್ರೆ ಮಾತ್ರ ಯಾಜಕನಿಗೆ (ಅರಣ್ಯಕಾಂಡ 5:8). ಮಂದಿ ಎಡವೋದು ಇಲ್ಲೇ. ಬಾಕಿ ಹಂಗೇ ಇಟ್ಕೊಂಡು ಕಾಣಿಕೆ ಡಬ್ಬಿಗೆ ನೋಟು ಹಾಕಿದ್ರೆ ತೀರಿತು ಅಂದ್ಕೋತಾರೆ. ಮತ್ತಾಯ 5:23–24ರಲ್ಲಿ ಯೇಸು ಕಾಣಿಕೆಯನ್ನ ವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂದದ್ದೂ ಇದೇ ಕ್ರಮದಲ್ಲಿ.

ಲೂಕ 19ರ ತೆರಿಗೆ ವಸೂಲಿಯವ ಜಕ್ಕಾಯನನ್ನೂ ಸೇರಿಸ್ರಿ. ಅವ ಐದನೇ ಒಂದು ಪಾಲಿಗೆ ನಿಲ್ಲಲಿಲ್ಲ, ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದ. ಕುರಿ ಕದ್ದು ಕೊಯ್ದವನಿಗೆ ವಿಮೋಚನಕಾಂಡ 22:1 ಹಾಕೋ ದಂಡ ಅದು. ಆದ್ರೆ ಯೇಸು ಮೊದಲು ಅವನ ಮನೆಗೆ ಬರ್ತೇನೆ ಅಂದದ್ದು, ಆಮೇಲೆ ಅವ ಲೆಕ್ಕ ಬಿಚ್ಚಿದ್ದು. ಕ್ಷಮೆಗೆ ಕೊಟ್ಟ ಬೆಲೆ ಅಂತ ಅದನ್ನ ಕಲಿಸಬ್ಯಾಡ್ರಿ.

ಗುಮ್ಮಟದ_ನೆರಳು:
ಕುರಿ ಕೊಳ್ಳಲಾಗದವನ ಪ್ರಶ್ನೆಗೆ: ಇಬ್ರಿಯರಿಗೆ 9:22ರ ಮೊದಲ ಭಾಗ ಓದಿ, ‘ಹೆಚ್ಚುಕಡಿಮೆ ಎಲ್ಲವೂ’ ಅನ್ನುವ ಅರ್ಥದ ಮಾತಿದೆ. ಅದು ಸುಮ್ಮನೆ ಬಂದ ಪದವಲ್ಲ. ಯಾಜಕಕಾಂಡ 5:7–13ರ ಪ್ರಕಾರ ಕುರಿಗೆ ಶಕ್ತಿಯಿಲ್ಲದವನು ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳ ತರಬಹುದು, ಒಂದು ದೋಷಪರಿಹಾರಕ್ಕೆ, ಇನ್ನೊಂದು ಸರ್ವಾಂಗಹೋಮಕ್ಕೆ, ಅಂದರೆ ಪೂರ್ತಿ ಸುಟ್ಟು ಅರ್ಪಿಸುವುದಕ್ಕೆ. ಅದೂ ಆಗದಿದ್ದರೆ ಏಫಾ ಎಂಬ ಹಳೆಯ ಅಳತೆಯ ಹತ್ತನೇ ಒಂದು ಪಾಲು ನಯವಾದ ಹಿಟ್ಟು, ಅಂದರೆ ಸುಮಾರು 2 ಲೀಟರ್ ಅಳತೆ. ಎಣ್ಣೆ ಹಾಕುವಂತಿಲ್ಲ, ಧೂಪ ಇಡುವಂತಿಲ್ಲ. ಯಾಜಕ ಒಂದು ಹಿಡಿ ತೆಗೆದು ಸುಡುತ್ತಾನೆ, ಅಷ್ಟಕ್ಕೇ ಕ್ಷಮೆ. ಕೈಯಲ್ಲಿ ಒಂದು ಹಿಡಿ ಹಿಟ್ಟು ಹಿಡಿದು ತೋರಿಸಿ, ಬೇರೆ ವಿವರಣೆ ಬೇಕಾಗುವುದಿಲ್ಲ.

ಹಾಗೇ ಇಬ್ರಿಯರಿಗೆ 10:11–12. ಯಜ್ಞ ನಡೆಯುತ್ತಿದ್ದ ದೇವದರ್ಶನದ ಗುಡಾರದಲ್ಲಿ ಮೇಜಿದೆ, ದೀಪಸ್ತಂಭವಿದೆ, ಧೂಪವೇದಿಯಿದೆ. ಯಾಜಕನಿಗೊಂದು ಪೀಠ ಎಲ್ಲೂ ಹೇಳಿಲ್ಲ. ದಿನಾ ನಿಂತೇ ಅದೇ ಯಜ್ಞ. ಕ್ರಿಸ್ತನು ಒಂದೇ ಯಜ್ಞ ಅರ್ಪಿಸಿ ಕೂತನು ಎಂಬ ಮಾತಿನ ತೂಕ ಆಗ ತಿಳಿಯುತ್ತದೆ.

ಕ್ಯಾಂಪ್_ಬೆಳಗಾವಿ:
ಒಂದು ಸಣ್ಣ ಎಚ್ಚರಿಕೆ. ಕ್ಲಾಸಿನಲ್ಲಿ ಕಥೋಲಿಕರಿದ್ದರೆ ‘ಪ್ರಾಯಶ್ಚಿತ್ತ’ ಅಂದಾಗ ಅವರಿಗೆ ಪಾಪನಿವೇದನೆಯಲ್ಲಿ ಗುರುಗಳು ಮಾಡಲು ಹೇಳುವ ಪ್ರಾರ್ಥನೆ, ಸತ್ಕ್ರಿಯೆ ನೆನಪಾಗುತ್ತದೆ. ಅದು ಬೇರೆ, ಟಗರಿನ ಯಜ್ಞ ಬೇರೆ ಅಂತ ಮೊದಲೇ ಹೇಳಿಬಿಡಿ. ನಮ್ಮ ಕಥೋಲಿಕರಲ್ಲೂ ಕದ್ದದ್ದನ್ನು ಹಿಂದಿರುಗಿಸುವ ಕರ್ತವ್ಯ ಪಾಪನಿವೇದನೆಯಿಂದ ರದ್ದಾಗುವುದಿಲ್ಲ. ಇನ್ನು ನಮ್ಮ ಬಲಿಪೂಜೆ (ಮಾಸ್) ಅಂದರೆ ಕ್ರಿಸ್ತನನ್ನು ಮತ್ತೆ ಮತ್ತೆ ಬಲಿ ಕೊಡುವುದಲ್ಲ. ಶಿಲುಬೆಯ ಆ ಒಂದೇ ಬಲಿ ಅಲ್ಲಿ ಪ್ರತ್ಯಕ್ಷವಾಗುತ್ತದೆ ಎಂಬುದು ಸಭೆಯ ಬೋಧನೆ. ಅದಕ್ಕಿರುವ ‘ಯೂಕರಿಸ್ಟ್’ ಹೆಸರಿನ ಗ್ರೀಕ್ ಮೂಲಪದದ ಅರ್ಥವೇ ಕೃತಜ್ಞತೆ.

ಜಮಖಂಡಿ_ಭಾನುವಾರ:
ಭಾಳ ಉಪಕಾರ ಆತ್ರಿ. ಹರಕಿದು ಉಳೀತು.

ಗುಳೇದಗುಡ್ಡ_ಖಣ:
ಅದು ಯಾಜಕಕಾಂಡ 7:11–18ರಲ್ಲೇ ಐತಿ. ಕೃತಜ್ಞತೆಯ ಯಜ್ಞ, ಹರಕೆಯ ಯಜ್ಞ ಎರಡೂ ಸಮಾಧಾನಯಜ್ಞದ, ಅಂದ್ರೆ ತಂದವನೂ ಮಾಂಸ ತಿನ್ನೋ ಯಜ್ಞದ ಬಗೆಗಳೇ, ಆದ್ರೆ ನಿಯಮ ಬೇರೆ. ಹರಕೆಯ ಮಾಂಸ ಮರುದಿನಾನೂ ತಿನ್ನಬಹುದು, ಮೂರನೇ ದಿನ ಉಳಿದದ್ದು ಸುಡಬೇಕು. ಕೃತಜ್ಞತೆಯದು ಅವತ್ತೇ ಮುಗೀಬೇಕು, ಬೆಳಗಿನ ತನಕ ಒಂದು ತುಂಡೂ ಇಡೂ ಹಂಗಿಲ್ಲ. ಕೊಬ್ಬು ವೇದಿಗೆ, ಎದೆಭಾಗ, ಬಲತೊಡೆ ಯಾಜಕರಿಗೆ, ಉಳಿದದ್ದು ತಂದವನಿಗೆ. ಇಡೀ ಪ್ರಾಣಿ ಒಂದೇ ದಿನ ಒಂದು ಮನಿ ಮಂದಿ ತಿಂದು ಮುಗಿಸಾಕ ಆಗ್ತದೇನ್ರಿ? ಓಣಿ ಕರೀಲೇಬೇಕು. ಕಡಕ್ ರೊಟ್ಟಿ ಕಟ್ಟಿಟ್ಟು ವಾರಗಟ್ಟಲೆ ತಿನ್ನೋ ನಮಗೆ ಇದು ಜಲ್ದಿ ತಿಳೀತದೆ. ಇಬ್ರಿಯರಿಗೆ 13:15ರ ಸ್ತೋತ್ರಯಜ್ಞದ ಬೆನ್ನಿಗೇ 16ರಲ್ಲಿ ಹಂಚಿಕೊಳ್ಳೋದನ್ನ ಮರೀಬ್ಯಾಡ್ರಿ ಅಂತ ಬರ್ತದೆ, ಎರಡನ್ನೂ ಕೂಡಿಸೇ ಓದಿಸ್ರಿ.

ಹರಕೆಗೆ ‘ಹಿಂಗಾದ್ರೆ ಕೊಡ್ತೀನಿ’ ಅನ್ನೋ ಕರಾರು ಇರ್ತದೆ. ಕೃತಜ್ಞತೆಗೆ ಕರಾರಿಲ್ಲ.

ತೋರಿಸಾಕ ಬೇಕಂದ್ರೆ ಎಣ್ಣಿ ಕಲಸಿ ಮಾಡಿದ ರೊಟ್ಟಿ ಒಂದು, ಮೇಲೆ ಎಣ್ಣಿ ಸವರಿದ ತೆಳ್ಳಂದು ಒಂದು, ಜೊತಿಗೆ ಬೇಕರಿ ಪಾವ್ ಒಯ್ರಿ. ಹುಳಿ ಹಾಕಿದ್ದನ್ನ ವೇದಿ ಮೇಲೆ ಸುಡೂ ಹಂಗಿಲ್ಲ (ಯಾಜಕಕಾಂಡ 2:11), ಆದ್ರ ಕೃತಜ್ಞತೆಯ ಯಜ್ಞದ ಊಟಕ್ಕ ಹುಳಿರೊಟ್ಟಿನೂ ಬೇಕು (7:13). ಪಾವ್ ಯಾಕ ಅಂತ ಯಾರರ ಕೇಳೇ ಕೇಳ್ತಾರ.